ಗ್ಯಾರೇಜ್ ಅಕ್ಕನಿಗೆ ಕೇಳಿ: ಎಂಟು ವರ್ಷ ಮಲಗಿದ್ದ ಬೈಕು ಟ್ರ್ಯಾಕಿಗೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಕಥೆ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೇ ಬೈಕು ಕೈಗೆ ಬಂದಿದೆ, ಅದನ್ನು ಟ್ರ್ಯಾಕ್ ಡೇಗೆ ತಯಾರು ಮಾಡಬೇಕು. ಖುಷಿಯಾಯಿತು. ಟ್ರ್ಯಾಕ್ ಡೇ ಅಂದರೆ ರೇಸ್ ಟ್ರ್ಯಾಕಿನಲ್ಲಿ ನಮ್ಮ ಬೈಕನ್ನು ನಾವೇ ಓಡಿಸುವ ದಿನ. ಅದು ರೇಸಲ್ಲ, ಅಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಅದಕ್ಕೆ ಹೊಸ ಬೈಕೇ ಬೇಕು ಅಂತೇನಿಲ್ಲ. ಬಿದ್ದರೆ ಹೊಟ್ಟೆ ಉರಿಯದಂಥ ಬೈಕಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಕ್ಕಾ, ನನ್ನ ಚಿಕ್ಕಪ್ಪನ 1999ರ ಸುಜುಕಿ ಎಸ್‌ವಿ650 ಎಂಟು ವರ್ಷದಿಂದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಈಗ ನನಗೆ ಕೊಟ್ಟಿದ್ದಾರೆ. ಇಂಜಿನ್ ಪೂರ್ತಿ ಬಿಚ್ಚಿ ಹೊಸ ಪಿಸ್ಟನ್ ಹಾಕಿ, ಒಳ್ಳೇ ಸೈಲೆನ್ಸರ್ ಕೂರಿಸಿ, ಪೇಂಟ್ ಮಾಡಿಸಿ ಆರು ತಿಂಗಳಲ್ಲಿ ಟ್ರ್ಯಾಕಿಗೆ ಇಳಿಯುವ ಯೋಚನೆ. ಎಲ್ಲಿಂದ ಶುರು ಮಾಡಲಿ?
— ತುಕ್ಕು ಒರೆಸುತ್ತಿರುವವನು

ಉತ್ತರ: ಪೇಂಟಿನ ವಿಷಯ ಮರೆತುಬಿಡಿ. ಇಂಜಿನ್ನಿಗೂ ಈಗಲೇ ಕೈ ಹಾಕಬೇಡಿ. ಬ್ರೇಕಿನಿಂದ ಶುರು ಮಾಡಿ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಟ್ರ್ಯಾಕ್ ಬೈಕನ್ನು ನಾನೂ ಅಣ್ಣನೂ ಸೇರಿ ಎಬ್ಬಿಸಿದ್ದು. ಮೂರು ತಿಂಗಳು ಬರೀ ಇಂಜಿನ್. ಕಾರ್ಬುರೇಟರ್ ಒಂದನ್ನೇ ನಾಲ್ಕು ಸಲ ಬಿಚ್ಚಿದ್ದೆ. ಬ್ರೇಕು? ಮನೆ ಮುಂದೆ ಒಂದು ಸುತ್ತು ಹೋಗಿ ಹಿಡಿದು ನೋಡಿದೆ, ನಿಂತಿತು. ‘ಹಿಡೀತಲ್ಲ, ಸಾಕು’ ಅಂದೆ. ಟ್ರ್ಯಾಕಿನಲ್ಲಿ ಮೂರು ಸುತ್ತು ಮಜವಾಗಿತ್ತು. ನಾಲ್ಕನೇ ಸುತ್ತಿನಲ್ಲಿ ಉದ್ದನೆಯ ನೇರ ದಾರಿ ಮುಗಿಯುವಾಗ ಲಿವರ್ ಒತ್ತಿದರೆ ಅದು ಸುಮ್ನೆ ಹ್ಯಾಂಡಲ್ ತನಕ ಬಂದುಬಿಟ್ಟಿತು. ತಿರುವು ಒಂದು ಕಡೆ, ನಾನು ಇನ್ನೊಂದು ಕಡೆ. ಜಲ್ಲಿಯಲ್ಲಿ ಆಕ್ಸಲ್ ಮಟ್ಟಕ್ಕೆ ಹೂತುಕೊಂಡು ನಿಂತೆ. ಅಣ್ಣ ನಡೆದು ಬಂದ. ಪೆಟ್ಟಾಯ್ತಾ ಅಂತ ಕೇಳಿದ, ಇಲ್ಲ ಅಂದೆ. ಲಿವರನ್ನು ಎರಡು ಸಲ ಪಂಪ್ ಮಾಡಿ, ‘ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದೆ?’ ಅಂದ. ಬದಲಾಯಿಸಿರಲೇ ಇಲ್ಲ. ಮುಚ್ಚಳ ತೆಗೆದರೆ ಒಳಗೆ ಕಂದು ಬಣ್ಣದ ನೀರು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತಲೇ ಇರುತ್ತದೆ. ಬೈಕು ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್ ಆಗುವ ತನಕ ಕುದಿಯಬಾರದು ಅಂತ ನಿಯಮ. ಸುಮಾರು ಶೇಕಡಾ ನಾಲ್ಕರಷ್ಟು ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಪೇಟೆಯ ರಸ್ತೆಯಲ್ಲಿ ಬ್ರೇಕು ಅಷ್ಟು ಕಾಯುವುದೇ ಇಲ್ಲ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಗಟ್ಟಿಯಾಗಿ ನಾಲ್ಕೈದು ಸಲ ಹಿಡಿಯುತ್ತೀರಿ. ಆಯಿಲ್ ಕುದಿದು ಆವಿಯ ಗುಳ್ಳೆ ಆಗುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಬೆರಳಿನ ಶಕ್ತಿಯೆಲ್ಲ ಆ ಗುಳ್ಳೆ ಅದುಮುವುದಕ್ಕೇ ಖರ್ಚು.

ಆಯಿಲ್ ಬದಲಾಯಿಸಿದರೆ ಮುಗೀತು ಅಂದುಕೊಳ್ಳಬೇಡಿ. ಎಂಟು ವರ್ಷ ನಿಂತ ಬೈಕಿನ ಕ್ಯಾಲಿಪರ್ ಬಿಚ್ಚಲೇಬೇಕು. ಕ್ಯಾಲಿಪರ್ ಅಂದರೆ ತನ್ನ ಸಣ್ಣ ಪಿಸ್ಟನ್‌ಗಳಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ. ಹೋಸ್ ತೆಗೆಯುವ ಮೊದಲು ಪ್ಯಾಡ್ ತೆಗೆದು, ನಡುವೆ ಒಂದು ಮರದ ತುಂಡು ಇಟ್ಟು, ಬ್ರೇಕ್ ಲಿವರನ್ನೇ ಮೆಲ್ಲಗೆ ಪಂಪ್ ಮಾಡಿ ಪಿಸ್ಟನ್‌ಗಳನ್ನು ಹೊರಗೆ ಬರಿಸಿ. ಹೋಸ್ ಬಿಚ್ಚಿದ ಮೇಲೆ ಇಕ್ಕಳ ಹಾಕಿ ಎಳೆಯಲು ಹೋದರೆ ಪಿಸ್ಟನ್ನಿನ ಮೈಯೆಲ್ಲ ಗೀರು. ಕಂಪ್ರೆಸರ್ ಗಾಳಿ ಬಿಟ್ಟರೆ ಪಿಸ್ಟನ್ ಗುಂಡಿನಂತೆ ಹಾರುತ್ತದೆ, ಬೆರಳು ಜೋಪಾನ.

ಪಿಸ್ಟನ್ ಹೊರಗೆ ಬಂತಾ? ಈಗ ರಬ್ಬರ್ ಸೀಲ್ ಎಬ್ಬಿಸಿ. ಅದರ ಕೆಳಗಿನ ಗಾಡಿಯನ್ನು ಟಾರ್ಚ್ ಬಿಟ್ಟು ನೋಡಿ. ಗಾಡಿ ಅಂದರೆ ಸೀಲ್ ಕೂರುವ ಕಾಲುವೆ, ನಮ್ಮ ಅಣ್ಣನ ಭಾಷೆ. ಅಲ್ಲಿ ಸುಣ್ಣದ ಹಾಗೆ ಬಿಳೀ ಹಕ್ಕಳೆ ಕಟ್ಟಿರುತ್ತದೆ. ಅಲ್ಯೂಮಿನಿಯಂ ತುಕ್ಕು ಹಿಡಿದು ಆದ ಪುಡಿ ಅದು. ಅದು ಸೀಲನ್ನು ಹಿಂದಿನಿಂದ ಒತ್ತುತ್ತದೆ, ಸೀಲು ಪಿಸ್ಟನ್ನನ್ನು ಒತ್ತುತ್ತದೆ, ಪಿಸ್ಟನ್ ಒಳಗೆ ಹೋಗಲಾರದೆ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಹೊಸ ಸೀಲ್ ತಂದು ಹಾಗೇ ಹಾಕುವವರು ಜಾಸ್ತಿ. ವಾರದಲ್ಲೇ ಮತ್ತೆ ಅದೇ ಕಥೆ. ಮರದ ಕಡ್ಡಿಯ ತುದಿ ಚೂಪು ಮಾಡಿಕೊಂಡು ಪೂರ್ತಿ ಕೆರೆದು ತೆಗೆಯಿರಿ. ಅರ್ಧ ದಿನ ಹೋಗುತ್ತದೆ, ಹೋಗಲಿ. ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ಲನ್ನೇ ಸವರಿ ಕೂರಿಸಿ. ಪೆಟ್ರೋಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ.

ರಬ್ಬರ್ ಹೋಸ್ ತೆಗೆದು ಸ್ಟೀಲ್ ಹೆಣೆದ ಹೋಸ್ ಹಾಕಿ. ಆಯಿಲ್ ಕುಡಿದ ಪ್ಯಾಡನ್ನು ಸುಟ್ಟು ಸರಿ ಮಾಡಲು ಹೋಗಬೇಡಿ, ಎಸೆಯಿರಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತದೆ, ಅಳೆದು ನೋಡಿ.

ಇನ್ನು ಇಂಜಿನ್. ನಿಮ್ಮದು 645 ಸಿಸಿಯ ವಿ-ಟ್ವಿನ್, ಅಂದರೆ ಎರಡು ಸಿಲಿಂಡರ್ ವಿ ಆಕಾರದಲ್ಲಿ ಕೂತದ್ದು, ಗಟ್ಟಿ ಪಿಂಡ. ಮುಂದಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಸರಿಯಾಗಿ ಮುಂದಿನ ಚಕ್ರದ ಹಿಂದೆ ಒಂದು ಗುಂಡಿಯಲ್ಲಿ ಕೂತಿದೆ. ಚಕ್ರ ಎರಚಿದ ಮಣ್ಣು, ಕಲ್ಲು, ನೀರು ಎಲ್ಲ ಆ ಗುಂಡಿಗೇ. ಪ್ಲಗ್ ಬಿಚ್ಚುವ ಮೊದಲು ಗಾಳಿ ಹೊಡೆದು ಗುಂಡಿ ಚೊಕ್ಕ ಮಾಡಿ. ಇಲ್ಲವಾದರೆ ಪ್ಲಗ್ ಹೊರಗೆ ಬರುತ್ತದೆ, ಕಲ್ಲು ಒಳಗೆ ಹೋಗುತ್ತದೆ, ಆಗ ನೀವು ಹೇಳಿದ ಹೊಸ ಪಿಸ್ಟನ್ ನಿಜವಾಗಿಯೂ ಬೇಕಾಗುತ್ತದೆ. ಆ ಗುಂಡಿಗೆ ನೀರು ಇಳಿಯಲು ಒಂದು ಸಣ್ಣ ತೂತಿದೆ, ಅದು ಸಾಮಾನ್ಯವಾಗಿ ಕಟ್ಟಿರುತ್ತದೆ. ತಂತಿ ಹಾಕಿ ಬಿಡಿಸಿ.

ಎರಡೂ ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಿರಿ. ಆಯಿಲ್, ಫಿಲ್ಟರ್ ಬದಲಾಯಿಸಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ಎರಡೂ ಸಿಲಿಂಡರಿನ ಲೆಕ್ಕ ಮ್ಯಾನ್ಯುಯಲ್ ಹೇಳಿದ ಮಿತಿಯಲ್ಲಿದ್ದು ಒಂದಕ್ಕೊಂದು ಹತ್ತಿರ ಇದ್ದರೆ, ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು) ನೋಡಿ ಇಂಜಿನ್ನನ್ನು ಅದರ ಪಾಡಿಗೆ ಬಿಡಿ. ಕಾರ್ಬುರೇಟರ್ ಮಾತ್ರ ಬಿಚ್ಚಲೇಬೇಕು. ಪೆಟ್ರೋಲ್ ಆರಿ ಹಸಿರು ಅಂಟಾಗಿರುತ್ತದೆ. ಪೈಲಟ್ ಜೆಟ್ಟನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡನ್ನು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಸೂಜಿಮೊನೆಯಷ್ಟು ಗುಂಡಗಿನ ಬೆಳಕು ಕಾಣಬೇಕು. ಚಂದ್ರನ ತುಂಡಿನ ಹಾಗೆ ಕಂಡರೆ ಇನ್ನೂ ಕಟ್ಟಿದೆ ಅಂತಲೇ ಅರ್ಥ. ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಕೆಲಸ ಕೆಟ್ಟಿತು.

ಪ್ರಶ್ನೆ: ನಾನು ತಂದ ಹಳೇ ಬೈಕಿನ ಟೈರ್ ಟ್ರೆಡ್ (ಮೇಲ್ಮೈಯ ಗೆರೆಗಳು) ಹೊಸದರ ಹಾಗೇ ಇದೆ. ಬಹಳ ಕಮ್ಮಿ ಓಡಿದೆಯಂತೆ. ಮೊದಲ ಟ್ರ್ಯಾಕ್ ಡೇಗೆ ಸಾಕಲ್ವಾ?
— ಉಳಿತಾಯದವನು

ಉತ್ತರ: ಟೈರಿನ ಪಕ್ಕದಲ್ಲಿ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಉಗುರು ಒತ್ತಿ ನೋಡಿ. ಗುರುತೇ ಬೀಳದಿದ್ದರೆ ಅದು ರಬ್ಬರಲ್ಲ, ಮರ. ಟ್ರೆಡ್ ಎಷ್ಟೇ ಆಳ ಇರಲಿ, ಬೈಕು ವಾಲಿದಾಗ ಹಿಡಿಯುವುದು ಮೆತ್ತಗಿನ ರಬ್ಬರ್. ಸಾಕಾಗುವುದಿಲ್ಲ. ಉಳಿತಾಯ ಮಾಡಲೇಬೇಕು ಅಂತಿದ್ದರೆ ಸೈಲೆನ್ಸರಿನಲ್ಲಿ ಮಾಡಿ.

ಪ್ರಶ್ನೆ: ತಪಾಸಣೆಯವರು ಕೂಲೆಂಟ್ ತೆಗೆದು ಬರೀ ನೀರು ಹಾಕಿ ಬನ್ನಿ, ಡ್ರೈನ್ ಬೋಲ್ಟಿಗೆ ಲಾಕ್ ವೈರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ತಂತಿ) ಕಟ್ಟಿ ಅಂದಿದ್ದಾರೆ. ಇಷ್ಟು ದಿನ ರಸ್ತೆಯಲ್ಲಿ ಒಂದು ಬೋಲ್ಟೂ ಬಿದ್ದಿಲ್ಲ. ಇದೆಲ್ಲ ಬೇಕಾ?
— ಕಿರಿಕಿರಿಯಾದವನು

ಉತ್ತರ: ನಿಮಗೋಸ್ಕರ ಅಲ್ಲ ಅದು, ನಿಮ್ಮ ಹಿಂದೆ ಬರುವವರಿಗೋಸ್ಕರ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಟಾರಿನ ಮೇಲೆ ಬಿದ್ದರೆ ಬೇಗ ಆರುವುದಿಲ್ಲ, ಎಣ್ಣೆಯಂತೆ ಜಾರುತ್ತದೆ. ನೀರಾದರೆ ಆರಿಹೋಗುತ್ತದೆ. ಅದಕ್ಕೇ ಹಲವು ಟ್ರ್ಯಾಕುಗಳಲ್ಲಿ ಆ ನಿಯಮ. ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಬೇಡ. ಬೈಕು ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ನಿಲ್ಲುವುದಾದರೆ ಟ್ರ್ಯಾಕ್ ಡೇ ಮುಗಿದ ಮೇಲೆ ಮತ್ತೆ ಕೂಲೆಂಟ್ ತುಂಬಿ.

ಲಾಕ್ ವೈರಿನ ಕೆಲಸ ನನಗೆ ಬಹಳ ಇಷ್ಟ. ರೇಡಿಯೋ ಹಾಕಿಕೊಂಡು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬೋಲ್ಟಿನ ತಲೆಗೆ ಮಾತ್ರ ತೂತು ಕೊರೆಯಿರಿ, ಕಾಂಡಕ್ಕೆ ಕೈ ಹಾಕಬೇಡಿ. ಅರದಿಂದ ಸ್ವಲ್ಪ ಚಪ್ಪಟೆ ಮಾಡಿಕೊಂಡು, ಸೆಂಟರ್ ಪಂಚ್‌ನಲ್ಲಿ ಒಂದು ಚುಕ್ಕೆ ಹೊಡೆದು, ಆಯಿಲ್ ಬಿಟ್ಟುಕೊಂಡು ನಿಧಾನವಾಗಿ ಕೊರೆಯಿರಿ. ಆದರೂ ಎರಡು ಮೂರು ಬಿಟ್ ಮುರಿಯುತ್ತವೆ, ಬೇಜಾರಾಗಬೇಡಿ. ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು, ಹಾಗೆ ಕಟ್ಟಿ. ಉಲ್ಟಾ ಕಟ್ಟಿ ತಪಾಸಣೆಗೆ ಬಂದವರನ್ನು ನೋಡಿದ್ದೇನೆ. ಅದು ತಂತಿಯ ಒಡವೆ ಅಷ್ಟೇ. ಕತ್ತರಿಸಿದ ತುದಿಯನ್ನು ಒಳಕ್ಕೆ ಮಡಚಿ. ಮುಂದಿನ ಸಲ ಒರೆಸುವಾಗ ಕೈ ಕೊಯ್ಯುವುದು ನಿಮ್ಮದೇ.

ಪ್ರಶ್ನೆ: ಹಳೇ ಬೈಕು ನೇರ ಹೋಗುವಾಗ ಹ್ಯಾಂಡಲ್ ಆ ಕಡೆ ಈ ಕಡೆ ತೂಗಿದಂತೆ ಆಗುತ್ತದೆ. ರೇಸ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಕೊಳವೆಗಳು) ಹಾಕಿದರೆ ಸರಿಹೋಗುತ್ತಾ?
— ತೂಗುಯ್ಯಾಲೆ

ಉತ್ತರ: ಮೊದಲು ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ಎರಡೇ ಬೆರಳಲ್ಲಿ ತಿರುಗಿಸಿ. ನಡುಮಧ್ಯಕ್ಕೆ ಬಂದಾಗ ‘ಟಕ್’ ಅಂತ ಕೂತಂತೆ ಅನ್ನಿಸುತ್ತದಾ? ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಹ್ಯಾಂಡಲ್ ನೇರ ಇದ್ದಾಗ ಬೇರಿಂಗ್ ಗುಂಡುಗಳು ಒಂದೇ ಜಾಗಕ್ಕೆ ಒತ್ತಿ ಒತ್ತಿ ಗುಳಿ ಮಾಡಿರುತ್ತವೆ. ಬಿಗಿ ಮಾಡಿದರೆ ಸರಿಯಾಗುವುದಿಲ್ಲ, ಮೇಲಿನದು ಕೆಳಗಿನದು ಎರಡನ್ನೂ ಬದಲಾಯಿಸಿ. ಹಾಗೇ ಚಕ್ರದ ಬೇರಿಂಗ್, ಸ್ವಿಂಗ್ ಆರ್ಮ್ ಬುಷ್ ಕೂಡ ಅಲುಗಾಡಿಸಿ ನೋಡಿ.

ಫೋರ್ಕಿನಲ್ಲಿ ಹೊಸ ಆಯಿಲ್, ಹೊಸ ಸೀಲ್, ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗ್ ಇಷ್ಟಿದ್ದರೆ ಮೊದಲ ವರ್ಷಕ್ಕೆ ಧಾರಾಳ. ಲೆದರ್ ಸೂಟ್, ಹೆಲ್ಮೆಟ್ ಹಾಕಿಕೊಂಡೇ ಬೈಕಿನ ಮೇಲೆ ಕೂತು ಫೋರ್ಕ್ ಎಷ್ಟು ಇಳಿಯುತ್ತದೆ ಅಂತ ಸ್ನೇಹಿತರ ಕೈಯಲ್ಲಿ ಅಳೆಸಿ. 30ರಿಂದ 35 ಮಿಲಿಮೀಟರ್ ಇಳಿದರೆ ಶುರುವಿಗೆ ಸರಿ.

ಪ್ರಶ್ನೆ: ಅಕ್ಕಾ, ಅಪ್ಪ ತೀರಿಕೊಂಡು ಐದು ವರ್ಷ. ಅವರ ಬೈಕು ಹಾಗೇ ನಿಂತಿದೆ. ಅದನ್ನು ಟ್ರ್ಯಾಕ್ ಬೈಕ್ ಮಾಡಿ ಓಡಿಸಬೇಕು ಅಂತ ನನಗಾಸೆ. ಅಮ್ಮ ‘ಅದನ್ನು ಕತ್ತರಿಸಬೇಡ’ ಅಂತಾರೆ. ಏನು ಮಾಡಲಿ?
— ಮಗಳು

ಉತ್ತರ: ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ ಮಗಾ. ಮೊದಲು ಒಂದು ಮಾತು. ಟ್ರ್ಯಾಕಿನಲ್ಲಿ ಒಂದಲ್ಲ ಒಂದು ದಿನ ಬೀಳುತ್ತೀಯ. ಅಪ್ಪ ಒರೆಸಿ ಒರೆಸಿ ಇಟ್ಟಿದ್ದ ಟ್ಯಾಂಕು ಟಾರಿನ ಮೇಲೆ ಉಜ್ಜಿಕೊಂಡು ಹೋಗುವುದನ್ನು ನೋಡಲು ಆಗುತ್ತಾ? ಆಗಲ್ಲ ಅಂತಿದ್ದರೆ ಟ್ರ್ಯಾಕಿಗೆ ಬೇರೆ ಯಾವುದಾದರೂ ತಗೋ, ಇದನ್ನು ರಸ್ತೆಯಲ್ಲಿ ಓಡಿಸು. ಅದೂ ತಪ್ಪಲ್ಲ.

ಇಲ್ಲ, ಇದೇ ಬೇಕು ಅಂತಿದ್ದರೆ ಒಂದನ್ನೂ ಕತ್ತರಿಸದೆ ಮಾಡಬಹುದು. ಟ್ಯಾಂಕು, ಸೀಟು, ಲೈಟು, ಕನ್ನಡಿ ಬಿಚ್ಚಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕು. ಸೊಟ್ಟಗಾದ ಹಳೇ ಟ್ಯಾಂಕು, ಫೈಬರ್ ಬಾಡಿ ಬೇರೆ ಹುಡುಕು. ತೂತು ಕೊರೆಯುವ ಬೋಲ್ಟುಗಳೂ ಬೇರೆಯವೇ ಇರಲಿ. ವೈರ್ ಎಲ್ಲೂ ತುಂಡು ಮಾಡಬೇಡ. ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಬಿಚ್ಚಿ ಟೇಪ್ ಸುತ್ತಿ ಒಳಗೆ ಸೇರಿಸು. ಸೈಡ್ ಸ್ಟ್ಯಾಂಡ್ ತೆಗೆದಾಗ ಒಂದು ತೊಂದರೆ ಬರುತ್ತದೆ. ಸ್ವಿಚ್ಚಿನ ಕಪ್ಲರ್ ಬಿಚ್ಚಿಟ್ಟರೆ ಬಹುಪಾಲು ಬೈಕುಗಳು ಗೇರ್ ಹಾಕಿದ ಕೂಡಲೇ ಬಂದ್ ಆಗುತ್ತವೆ, ಸ್ಟ್ಯಾಂಡ್ ಇಳಿದಿದೆ ಅಂದುಕೊಂಡು. ಅಲ್ಲೇ ಎಷ್ಟೋ ಜನ ಕಟಿಂಗ್ ಪ್ಲೇಯರ್ ತೆಗೆಯುತ್ತಾರೆ. ಅದೇ ಅಳತೆಯ ಇನ್ನೊಂದು ಕಪ್ಲರ್ ತಂದು, ವೈರಿಂಗ್ ಚಿತ್ರ ನೋಡಿಕೊಂಡು, ಸ್ಟ್ಯಾಂಡ್ ಮೇಲಿದ್ದಾಗ ಯಾವ ಎರಡು ಪಿನ್ನು ಸೇರುತ್ತವೋ ಅವಕ್ಕೆ ಒಂದು ತುಂಡು ವೈರ್ ಹಾಕಿ ಚುಚ್ಚಿಬಿಡು. ಬೇಡವಾದ ದಿನ ಕಿತ್ತರಾಯಿತು.

ಬಿಚ್ಚಿದ ಬೋಲ್ಟುಗಳನ್ನು ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎಲ್ಲಿಯದು, ಯಾವತ್ತು ಬಿಚ್ಚಿದ್ದು ಅಂತ ಚೀಟಿ ಬರೆದು ಹಾಕು. ಚೀಟಿ ಬರೆಯುವ ಕೆಲಸ ಅಮ್ಮನಿಗೇ ಕೊಡು.