5 ಡಾಲರ್ ಕಾಫಿಗೆ 35 ಡಾಲರ್ ಶುಲ್ಕ

ಖಾತೆಯಲ್ಲಿ ಹಣವಿಲ್ಲದಿದ್ದರೂ ಡೆಬಿಟ್ ಕಾರ್ಡ್ ನಡೆದು, 5 ಡಾಲರ್ ಕಾಫಿಗೆ 35 ಡಾಲರ್ ಓವರ್‌ಡ್ರಾಫ್ಟ್ ಶುಲ್ಕ ಬಿತ್ತು, ಇದನ್ನು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ನಿಲ್ಲಿಸಬಹುದು. ಅಮೆರಿಕದಲ್ಲಿ 2010ರಿಂದ ಜಾರಿಯಲ್ಲಿರುವ ನಿಯಮದಂತೆ, ಅಂಗಡಿಯಲ್ಲಿ ಡೆಬಿಟ್ ಕಾರ್ಡಿನಿಂದ ಒಮ್ಮೆ ಮಾಡುವ ಖರೀದಿಗಾಗಲಿ ಎಟಿಎಂನಿಂದ ಹಣ ತೆಗೆದದ್ದಕ್ಕಾಗಲಿ ಬ್ಯಾಂಕು ಈ ಶುಲ್ಕ ಹಾಕಬೇಕಾದರೆ ನಿಮ್ಮ ಒಪ್ಪಿಗೆ ಮೊದಲೇ ಇರಬೇಕು. ಖಾತೆ ತೆರೆಯುವಾಗ ಕಾಗದಗಳ ರಾಶಿಯಲ್ಲಿ ಅದಕ್ಕೂ ನೀವು ಸಹಿ ಹಾಕಿರಬಹುದು. ನಾನೂ ಓದದೆ ಹಾಕಿದವನೇ! ಆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಆಮೇಲೆ ಹಣ ಸಾಲದಿದ್ದರೆ ಕಾರ್ಡ್ ನಡೆಯುವುದಿಲ್ಲ, ಅಷ್ಟೆ. ಆದರೆ ಚೆಕ್ಕುಗಳಿಗೆ, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಬಿಲ್ಲುಗಳಿಗೆ ಈ ರಕ್ಷಣೆ ಇಲ್ಲ. ಬಿದ್ದ ಶುಲ್ಕವನ್ನು ಮರಳಿಸುವಂತೆ ಕೇಳಿ ನೋಡಿ. ಮೊದಲ ಸಲವಾದರೆ ಬಿಟ್ಟುಕೊಡುವುದುಂಟು.