ಕಂಟ್ರೋಲರ್ ಕೆಟ್ಟಿಲ್ಲ, ಮೊದಲು ಟಿವಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸ್ಟೀಮ್ ಡೆಕ್‌ಗೆ, ಅಂದರೆ ವಾಲ್ವ್ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್‌ಗೆ, ಹೊರಗಿನ ಕಂಟ್ರೋಲರ್ ಜೋಡಿಸುವ ಬಗ್ಗೆ ಇವೆ. ಬ್ಲೂಟೂತ್ ಆನ್ ಮಾಡುವುದು, ಪೇರ್ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಸೆಟ್ಟಿಂಗ್ಸ್‌ನಲ್ಲಿ ಕಣ್ಣೆದುರಿಗೇ ಇದೆ. ಆದರೆ ಬಟನ್ ಒತ್ತಿದ್ದು ಆಟದಲ್ಲಿ ತಡವಾಗಿ ಕಾಣುತ್ತೆ ಎಂಬ ದೂರು ಮಾತ್ರ ಪದೇ ಪದೇ ಬರುತ್ತಿದೆ. ಜನ ಅದಕ್ಕೆ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ.

ಅಮೆರಿಕದಲ್ಲಿರುವ ಅಕ್ಕ ಎಲ್‌ಸಿಡಿ ಸ್ಟೀಮ್ ಡೆಕ್ ತಂದುಕೊಟ್ಟಿದ್ದಾರೆ. ಡಾಕ್‌ಗೆ ಹಾಕಿ ಟಿವಿಯಲ್ಲಿ ಆಡುತ್ತೇನೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಬ್ಲೂಟೂತ್‌ನಲ್ಲಿದೆ. ಬಟನ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಆಟಗಾರ ಜಿಗಿಯುತ್ತಾನೆ. ನಡುನಡುವೆ ಕನೆಕ್ಷನ್ ಕೂಡ ಹೋಗುತ್ತೆ. ಅಂಗಡಿಯವರು ಕಂಟ್ರೋಲರ್ ಹೋಗಿದೆ, ‘ಝೀರೊ ಲ್ಯಾಗ್’ ಕಂಟ್ರೋಲರ್ ತಗೊಳ್ಳಿ ಅಂದರು. ತಗೊಳ್ಳಲಾ? — ದಾವಣಗೆರೆಯ ಓದುಗರು

ತಗೋಬೇಡಿ. ನಿಮ್ಮದು ಒಂದಲ್ಲ, ಎರಡು ತೊಂದರೆ. ತಡವಾಗುವುದು ಬೇರೆ, ಕನೆಕ್ಷನ್ ಹೋಗುವುದು ಬೇರೆ. ಎರಡನ್ನೂ ಸೇರಿಸಿ ‘ಕಂಟ್ರೋಲರ್ ಹೋಗಿದೆ’ ಅಂತ ಹೇಳುವವರು ಕಂಟ್ರೋಲರ್ ಬಿಚ್ಚಿಯೂ ನೋಡಿರುವುದಿಲ್ಲ.

ಮೊದಲು ತಡ. ಡೆಕ್ ಅನ್ನು ಡಾಕ್‌ನಿಂದ ತೆಗೆಯಿರಿ. ಅದೇ ಕಂಟ್ರೋಲರ್‌ನಲ್ಲಿ, ಅದೇ ಆಟವನ್ನು, ಡೆಕ್‌ನ ಸ್ವಂತ ಸ್ಕ್ರೀನ್ ನೋಡಿಕೊಂಡು ಆಡಿ. ಜಿಗಿತ ಸರಿಯಾಗಿ ಬಂತಾ? ಹಾಗಾದರೆ ಕಂಟ್ರೋಲರ್ ಚೆನ್ನಾಗಿದೆ. ಇನ್ನೂ ನಂಬಿಕೆ ಇಲ್ಲದಿದ್ದರೆ ತಿರುಗಿಸಿ ಮಾಡಿ. ಡೆಕ್ ಮತ್ತೆ ಡಾಕ್‌ನಲ್ಲಿರಲಿ, ಟಿವಿ ನೋಡುತ್ತಾ ಡೆಕ್‌ನ ಮೇಲಿರುವ ಬಟನ್‌ಗಳನ್ನೇ ಒತ್ತಿ. ಈಗಲೂ ತಡವಾದರೆ ತಪ್ಪು ಟಿವಿಯದು. ನನ್ನ ಹತ್ತಿರ ‘ಲ್ಯಾಗ್’ ಅಂತ ಬರುವ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲೇ ಪಾಸಾಗಿ ಮನೆಗೆ ಹೋಗುತ್ತವೆ.

ಟಿವಿ ಏಕೆ ತಡ ಮಾಡುತ್ತೆ? ಬಂದ ಚಿತ್ರವನ್ನು ಅದು ನೇರವಾಗಿ ತೋರಿಸುವುದಿಲ್ಲ. ಬಣ್ಣ ತಿದ್ದುತ್ತೆ, ಮಸುಕು ತೆಗೆಯುತ್ತೆ, ಎರಡು ಫ್ರೇಮ್‌ಗಳ ನಡುವೆ ತಾನೇ ಇನ್ನೊಂದು ಫ್ರೇಮ್ ಹುಟ್ಟಿಸುತ್ತೆ. ಆ ಕೆಲಸಕ್ಕೆ ಮುಂದಿನ ಫ್ರೇಮ್ ಬರುವ ತನಕ ಕಾಯಲೇಬೇಕು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಆಟದಲ್ಲಿ ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ಈ ತಿದ್ದುವ ಕೆಲಸ ಕಡಿಮೆ ಮಾಡುವ ಗೇಮ್ ಮೋಡ್ ಹಾಕದಿದ್ದರೆ ಎಷ್ಟೋ ಟಿವಿಗಳು 100 ಮಿಲಿಸೆಕೆಂಡ್‌ವರೆಗೂ ಚಿತ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂದರೆ ನೀವು ನೋಡುತ್ತಿರುವುದು ಆರು ಫ್ರೇಮ್ ಹಳೆಯ ಆಟ. ಬ್ಲೂಟೂತ್‌ನಿಂದಲೂ ತಡ ಆಗುತ್ತೆ, ಇಲ್ಲವೆನ್ನುವುದಿಲ್ಲ. ಆದರೆ ಸರಿಯಾಗಿ ಕೆಲಸ ಮಾಡುವ ಕಂಟ್ರೋಲರ್‌ನಲ್ಲಿ ಅದು ಇದರ ಹತ್ತಿರಕ್ಕೂ ಬರುವುದಿಲ್ಲ.

ಆದ್ದರಿಂದ ಟಿವಿಯ ರಿಮೋಟ್ ತಗೊಂಡು ಗೇಮ್ ಮೋಡ್ ಹಾಕಿ. ಎಲ್‌ಜಿಯಲ್ಲಿ ಗೇಮ್ ಆಪ್ಟಿಮೈಸರ್ ಅಂತ ಇರುತ್ತೆ, ಸೋನಿಯಲ್ಲಿ ಪಿಕ್ಚರ್ ಮೋಡ್‌ಗಳ ಸಾಲಿನಲ್ಲೇ ಗೇಮ್ ಇರುತ್ತೆ. ಹಳೆಯ ಟಿವಿಯಲ್ಲಿ ಅದು ಇಲ್ಲದಿದ್ದರೆ, ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಅಂತ ಬದಲಿಸಿ ನೋಡಿ. ಕೆಲವು ಟಿವಿಗಳಲ್ಲಿ ಅಷ್ಟಕ್ಕೇ ಈ ಕಸರತ್ತು ನಿಲ್ಲುತ್ತೆ. ನಡುವೆ ಫ್ರೇಮ್ ಹುಟ್ಟಿಸುವ ಮೋಷನ್‌ಫ್ಲೋ, ಟ್ರೂಮೋಷನ್ ಎಂಬ ಹೆಸರಿನವು ಆಫ್ ಇರಲಿ. ಒಂದು ಎಚ್ಚರಿಕೆ: ಈ ಸೆಟ್ಟಿಂಗ್ ಎಷ್ಟೋ ಟಿವಿಗಳಲ್ಲಿ ಆಯಾ ಪೋರ್ಟ್‌ಗೆ ಮಾತ್ರ. ಎಚ್‌ಡಿಎಂಐ 1ರಲ್ಲಿ ಹಾಕಿ ಡಾಕ್‌ನ ವೈರನ್ನು 2ಕ್ಕೆ ಚುಚ್ಚಿದರೆ ಮತ್ತೆ ಮೊದಲಿನ ಕಥೆಯೇ.

ಇನ್ನೊಂದು ಕೆಲಸ ಜನ ತಾವೇ ಮಾಡಿಕೊಳ್ಳುತ್ತಾರೆ. ಟಿವಿ 4ಕೆ ಅಂತ ಆಟವನ್ನೂ 4ಕೆಗೆ ಏರಿಸುತ್ತಾರೆ. ಡೆಕ್‌ನ ಸ್ಕ್ರೀನ್ ಇರುವುದು 1280x800. ಅದರ ಚಿಪ್ ಮಾಡಿರುವುದೂ ಅಷ್ಟಕ್ಕೇ. ಫ್ರೇಮ್‌ಗಳು 20ಕ್ಕೆ ಇಳಿದರೆ ಯಾವ ಕಂಟ್ರೋಲರ್ ಹಿಡಿದರೂ ತಡವೇ. 30 ಫ್ರೇಮ್‌ಗೆ ಮಿತಿ ಹಾಕಿದರೂ ಕೈಗೆ ಭಾರ ಅನ್ನಿಸುತ್ತೆ. ರೆಸಲ್ಯೂಶನ್ ಇಳಿಸಿ, 60 ಹಿಡಿಯಿರಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ಅದನ್ನೂ ಒಮ್ಮೆ ತೆಗೆದು ನೋಡಿ. ಜಿಗಿದ ಸದ್ದು ತಡವಾಗಿ ಕೇಳಿದರೆ ಜಿಗಿತವೇ ತಡ ಅನ್ನಿಸುತ್ತೆ.

ಇನ್ನು ಕನೆಕ್ಷನ್ ಹೋಗುವುದು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ಹಳೆಯ ರೂಟರ್‌ನ ವೈಫೈ ಕೂಡ ಅಲ್ಲೇ. ಡೆಕ್ ಒಂದು ಕಡೆ ದೊಡ್ಡ ಆಟ ಡೌನ್‌ಲೋಡ್ ಮಾಡುತ್ತಾ ಇನ್ನೊಂದು ಕಡೆ ಕಂಟ್ರೋಲರ್‌ನ ಮಾತು ಕೇಳಬೇಕು. ಓಎಲ್‌ಇಡಿ ಡೆಕ್‌ನಲ್ಲಿ ವಾಲ್ವ್ ಬ್ಲೂಟೂತ್‌ಗೆಂದೇ ಬೇರೆ ಆಂಟೆನಾ ಕೊಟ್ಟಿದೆ. 2022ರ ಎಲ್‌ಸಿಡಿ ಡೆಕ್‌ನಲ್ಲಿ ಅದಿಲ್ಲ. ನಿಮ್ಮದು ಎಲ್‌ಸಿಡಿ, ಅದಕ್ಕೇ ನಿಮಗೆ ಈ ಕಾಟ ಜಾಸ್ತಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಡಾಕ್‌ನಲ್ಲಿ ಲ್ಯಾನ್ ಪೋರ್ಟ್ ಇದ್ದರೆ ವೈರನ್ನೇ ಹಾಕಿ ವೈಫೈ ಆಫ್ ಮಾಡಿ, ಅದು ಇನ್ನೂ ಒಳ್ಳೆಯದು.

ಆಮೇಲೆ ಡಾಕ್‌ನ ಹಿಂದೆ ನೋಡಿ. ಯುಎಸ್‌ಬಿ 3 ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಚುಚ್ಚಿದ್ದೀರಾ? ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸುತ್ತೆ. ಇದು ನನ್ನ ಊಹೆಯಲ್ಲ, ಇಂಟೆಲ್ 2012ರಲ್ಲೇ ಅಳತೆ ಮಾಡಿ ಪ್ರಕಟಿಸಿದೆ. ಅದನ್ನು ಕಿತ್ತು ಆಡಿ. ಸರಿಹೋದರೆ, ಹಾರ್ಡ್‌ಡಿಸ್ಕನ್ನು ಉದ್ದ ವೈರಿನಲ್ಲಿ ದೂರ ಇಡಿ. ಪುಟ್ಟ ಡಾಂಗಲ್‌ (ಯುಎಸ್‌ಬಿಗೆ ಚುಚ್ಚುವ ರಿಸೀವರ್) ಇರುವ ಕಂಟ್ರೋಲರ್‌ಗಳಿಗೂ ಇದೇ ಮಾತು. ಡಾಂಗಲ್ಲನ್ನು ಡಾಕ್‌ಗೆ ನೇರ ಚುಚ್ಚದೆ, ಎಕ್ಸ್‌ಟೆನ್ಶನ್ ವೈರ್ ಹಾಕಿ ನಿಮ್ಮ ಕಣ್ಣಿಗೆ ಕಾಣುವ ಕಡೆ ತನ್ನಿ. ಹಾಗೆಯೇ ಡೆಕ್ ಟಿವಿಯ ಹಿಂದೆ ಅಡಗಿ ಕೂತಿರುವುದೂ ಬೇಡ. ಟಿವಿಯ ಲೋಹದ ತಗಡು ಸಿಗ್ನಲ್ಲನ್ನು ತಡೆಯುತ್ತೆ.

ಇಷ್ಟಾದ ಮೇಲೂ ಹೋಗುತ್ತಿದ್ದರೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಹಳೆಯದಿರಬಹುದು. ಅದನ್ನು ಡೆಕ್‌ನಿಂದ ಅಪ್‌ಡೇಟ್ ಮಾಡಲು ಆಗುವುದಿಲ್ಲ. ಯಾರದ್ದಾದರೂ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆಪ್ ಹಾಕಿ, ಯುಎಸ್‌ಬಿ ವೈರಿನಲ್ಲಿ ಮಾಡಿಕೊಳ್ಳಿ. ಮುಗಿದ ಮೇಲೆ ಡೆಕ್‌ನಲ್ಲಿ ಹಳೆಯ ಪೇರಿಂಗ್ ಅಳಿಸಿ ಹೊಸದಾಗಿ ಪೇರ್ ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಇನ್ನು ಸಿಗ್ನಲ್ ಜಾಸ್ತಿ ಮಾಡುವ ಸ್ಟಿಕರ್ ಅಂತ ಯಾರಾದರೂ ಮಾರಲು ಬಂದರೆ ಅವರ ಅಂಗಡಿಗೆ ಮತ್ತೆ ಹೋಗಬೇಡಿ. ಅದು ಅಂಟು ಹಚ್ಚಿದ ತಗಡು, ಅಷ್ಟೇ.

ಕಂಟ್ರೋಲರ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತೆ. ಮೆನುವಿನಲ್ಲೂ ಕೆಲಸ ಮಾಡುತ್ತೆ. ಆಟದೊಳಗೆ ಮಾತ್ರ ಏನೂ ಆಗುವುದಿಲ್ಲ. — ಮೈಸೂರಿನ ಓದುಗರು

ಡೆಕ್‌ನ ಮೇಲಿರುವ ಬಟನ್‌ಗಳೂ ಒಂದು ಕಂಟ್ರೋಲರ್ ಅಂತಲೇ ಲೆಕ್ಕ. ಆಟ ಅದನ್ನು ಒಂದನೇ ಆಟಗಾರ, ನಿಮ್ಮದನ್ನು ಎರಡನೇ ಆಟಗಾರ ಅಂತ ತಿಳಿದುಕೊಂಡಿದೆ. ಒಬ್ಬರೇ ಆಡುವ ಹಳೆಯ ಆಟಗಳು ಎರಡನೆಯವರ ಕಡೆ ತಿರುಗಿಯೂ ನೋಡುವುದಿಲ್ಲ. ಆಟ ತೆರೆದಿರುವಾಗಲೇ ಮೂರು ಚುಕ್ಕಿಯ ಬಟನ್ ಒತ್ತಿ, ಕಂಟ್ರೋಲರ್‌ಗಳ ಕ್ರಮ ಬದಲಿಸಿ, ನಿಮ್ಮದನ್ನು ಮೇಲಕ್ಕೆ ತನ್ನಿ. ಕೆಲವು ಆಟಗಳಲ್ಲಿ ಹೀಗೆ ಕೈಯಿಂದಲೇ ಬದಲಿಸಬೇಕಾಗುತ್ತೆ ಅಂತ ಸ್ಟೀಮ್‌ನ ಪುಟದಲ್ಲಿ ವಾಲ್ವ್ ಬರೆದೇ ಇರುತ್ತೆ. ಇದಕ್ಕಾಗಿ ವಿಂಡೋಸ್ ಹಾಕಿಸಿಕೊಂಡವರೂ ಇದ್ದಾರೆ. ದಯವಿಟ್ಟು ಬೇಡ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ತಗೊಂಡೆ. ಡೆಕ್‌ಗೆ ಕಾಣಿಸುವುದೇ ಇಲ್ಲ. — ಹುಬ್ಬಳ್ಳಿಯ ಓದುಗರು

ಅದರಲ್ಲಿ ಬ್ಲೂಟೂತ್ ಇಲ್ಲದಿರಬಹುದು. 2013ರಲ್ಲಿ ಬಂದ ಮೊದಲ ಮಾದರಿಗೆ ಬ್ಲೂಟೂತ್ ಇರಲಿಲ್ಲ. 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದದ್ದರಲ್ಲಿ ಇದೆ. ನಡುವಿನ ಎಕ್ಸ್‌ಬಾಕ್ಸ್ ಲೋಗೊ ಇರುವ ಬಟನ್ನಿನ ಸುತ್ತ ನೋಡಿ. ಅಲ್ಲಿನ ಪ್ಲಾಸ್ಟಿಕ್ ಹೊಳೆಯುತ್ತಾ ಮೇಲಿನ ಬಂಪರ್‌ಗಳ ಕಡೆಗೆ ಸೇರಿಕೊಂಡಿದ್ದರೆ ಹಳೆಯದು. ಕೆಳಗಿನ ಮೈಯ ಪ್ಲಾಸ್ಟಿಕ್ಕೇ ಬಟನ್ನನ್ನು ಸುತ್ತುವರಿದಿದ್ದರೆ ಬ್ಲೂಟೂತ್ ಇದೆ. ಇಯರ್‌ಫೋನ್ ತೂತು ಇದೆ ಅಂತ ನಂಬಬೇಡಿ, ಬ್ಲೂಟೂತ್ ಇಲ್ಲದ ಒಂದು ಮಾದರಿಗೂ ಆ ತೂತು ಇತ್ತು. ಹಳೆಯದೇ ಆಗಿದ್ದರೆ ವೈರಿನಲ್ಲಿ ಆಡಿ. ಆದರೆ ವೈರ್ ಡೇಟಾ ಸಾಗಿಸುವಂಥದ್ದಾಗಿರಬೇಕು. ಪವರ್‌ಬ್ಯಾಂಕ್ ಜೊತೆ ಬರುವ ಗಿಡ್ಡ ವೈರ್‌ಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್‌ನವು. ಹಾಕಿದರೆ ದೀಪ ಹತ್ತುತ್ತೆ, ಡೆಕ್‌ಗೆ ಮಾತ್ರ ಏನೂ ಕಾಣಿಸುವುದಿಲ್ಲ.

8ಬಿಟ್‌ಡೊ ಕಂಟ್ರೋಲರ್‌ನಲ್ಲಿ ಗೈರೊ ಇದೆ ಅಂತ ಡಬ್ಬದ ಮೇಲಿದೆ, ಡೆಕ್‌ನಲ್ಲಿ ಬರುತ್ತಿಲ್ಲ.

ನೀವು ಎಕ್ಸ್ ಮೋಡ್‌ನಲ್ಲಿದ್ದೀರಿ. ಆ ಮೋಡ್‌ನಲ್ಲಿ ಅದು ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಂತೆ ವರ್ತಿಸುತ್ತೆ, ಎಕ್ಸ್‌ಬಾಕ್ಸ್‌ಗೆ ಗೈರೊ (ಕಂಟ್ರೋಲರ್ ಓರೆ ಮಾಡಿದ್ದನ್ನು ಗುರುತಿಸುವ ಸೆನ್ಸರ್) ಇಲ್ಲ. ಎಸ್ (ಸ್ವಿಚ್) ಮೋಡ್‌ಗೆ ಹಾಕಿ ಮತ್ತೆ ಪೇರ್ ಮಾಡಿ.

ಸ್ಟಿಕ್ ತಾನಾಗಿ ಒಂದು ಕಡೆ ಎಳೆಯುತ್ತೆ. ಡಬ್ಲ್ಯುಡಿ-40 ಹೊಡೆಯಬಹುದಾ?

ಬೇಡ, ಬೇಡ, ಬೇಡ. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಅದು. ಒಳಗೆ ಸವೆದ ಕಾರ್ಬನ್ ಪಟ್ಟಿಗೆ ಧೂಳು ಅಂಟಿಸಿಕೊಡುತ್ತೆ, ಆಮೇಲೆ ರಿಪೇರಿಗೆ ತಂದಾಗ ಒರೆಸುವ ಕೆಲಸವೇ ಅರ್ಧ ದಿನ ಹಿಡಿಯುತ್ತೆ. ಸದ್ಯಕ್ಕೆ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ (ಸ್ಟಿಕ್ ಅಲುಗಿದರೂ ಆಟ ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ) ಸ್ವಲ್ಪ ಹೆಚ್ಚಿಸಿ ಆಡಿ. ಜಾಸ್ತಿಯಾದರೆ ಸ್ಟಿಕ್ ಬದಲಿಸಬೇಕು. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಸಿಕ್ಕರೆ ಅದನ್ನೇ ಹಾಕಿಸಿ. ಅದರಲ್ಲಿ ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ.

ಪಿಎಸ್5 ಕಂಟ್ರೋಲರ್‌ನ ಬಿಗಿಯಾಗುವ ಟ್ರಿಗರ್ ಡೆಕ್‌ನಲ್ಲಿ ಬರುತ್ತಾ?

ಆಟವೇ ಅದಕ್ಕೆ ಸಿದ್ಧವಾಗಿದ್ದರೆ ಬರುತ್ತೆ. ವೈರ್ ಹಾಕಿ ಆಡಿ, ಬ್ಲೂಟೂತ್ ನಂಬಿಕೊಳ್ಳಬೇಡಿ.

ಬೇರೆ ಕಂಪನಿಯ ಕಂಟ್ರೋಲರ್ ಹಾಕಿದರೆ ಡೆಕ್‌ನ ಬೋರ್ಡ್ ಸುಟ್ಟುಹೋಗುತ್ತೆ ಅಂತಾರೆ, ನಿಜವಾ?

ಸುಳ್ಳು. ಹಾಗೆ ಹೇಳಿದವರ ಹತ್ತಿರ ರಿಪೇರಿಗೆ ಏನನ್ನೂ ಕೊಡಬೇಡಿ.