ಓದುಗರ ಪ್ರಶ್ನೆ: ಮೋಟಾರ್‌ಹೋಮ್ ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿರುವ ನಾವು ಕಳೆದ ಬೇಸಿಗೆಯಲ್ಲಿ ಹಳೆಯ ಮೋಟಾರ್‌ಹೋಮ್ (ಒಳಗೇ ಮಲಗಿ ವಾಸಿಸಬಹುದಾದ ವಾಹನ) ಒಂದನ್ನು ಕೊಂಡೆವು. ದೀಪ, ನೀರಿನ ಪಂಪು ಮತ್ತು ಫ್ರಿಜ್‌ಗಾಗಿ ಅದರಲ್ಲಿ 100 ಆಂಪಿಯರ್-ಅವರ್ (ಒಂದು ಆಂಪಿಯರನ್ನು 100 ಗಂಟೆ ಕೊಡುವಷ್ಟು) ಸಾಮರ್ಥ್ಯದ, ನೀರು ಹಾಕುವ ಬಗೆಯ ಲೀಷರ್ ಬ್ಯಾಟರಿ (ಎಂಜಿನ್ನಿಗಲ್ಲದೆ ವಾಹನದ ಒಳಗಿನ ಬಳಕೆಗೆಂದೇ ಇರುವುದು) ಇದೆ. ಚಳಿಗಾಲವಿಡೀ ವಾಹನ ಮನೆಯ ಮುಂದೆಯೇ ನಿಂತಿತ್ತು. ಈಗ ಬ್ಯಾಟರಿ ಒಂದು ರಾತ್ರಿಯೂ ಬಾಳುತ್ತಿಲ್ಲ. ಮೊನ್ನೆ ಕ್ಯಾಂಪ್‌ಸೈಟಿನಲ್ಲಿ ಚಾರ್ಜ್ ಮಾಡುವಾಗ ಕೊಳೆತ ಮೊಟ್ಟೆಯಂಥ ವಾಸನೆಯೂ ಬಂತು. ಏನು ಮಾಡಬೇಕು?

ಉತ್ತರ: ವಾಸನೆಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ಮುಂದೂಡುವಂತಿಲ್ಲ. ನಿಮ್ಮದರಂಥ ಸೀಸ-ಆಮ್ಲದ ಬ್ಯಾಟರಿಯ ಕೋಶವೊಂದು (ಸೆಲ್) ಕೆಟ್ಟಾಗ ಚಾರ್ಜರ್ ಅದಕ್ಕೆ ವಿದ್ಯುತ್ತನ್ನು ತುಂಬುತ್ತಲೇ ಹೋಗುತ್ತದೆ; ಬ್ಯಾಟರಿ ಬಿಸಿಯೇರಿ, ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಇದರ ಜೊತೆಗೇ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಒಂದು ಕಿಡಿಗೂ ಸ್ಫೋಟಿಸಬಲ್ಲದು. ಆದ್ದರಿಂದ ಆ ವಾಸನೆ ಬಂದೊಡನೆ ಎಲ್ಲರೂ ಹೊರಗೆ ಬನ್ನಿ, ಬಾಗಿಲು ತೆರೆದಿರಲಿ, ಕ್ಯಾಂಪ್‌ಸೈಟಿನಿಂದ ಬರುವ ವಿದ್ಯುತ್ತನ್ನು ವಾಹನದ ಹೊರಗಿರುವ ಸಂಪರ್ಕ ಕಂಬದಲ್ಲೇ ಆರಿಸಿ. ಅಡುಗೆ ಅನಿಲ ಸೋರಿದಾಗಲೂ ಹೆಚ್ಚುಕಡಿಮೆ ಇಂಥದೇ ವಾಸನೆ ಬರುವುದರಿಂದ ಸಿಲಿಂಡರನ್ನೂ ಮುಚ್ಚಿಬಿಡಿ. ವಾಸನೆ ಕಡಿಮೆಯಾದಂತೆ ಅನಿಸಿದರೆ ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಮೂಗಿನ ಗ್ರಹಣಶಕ್ತಿಯನ್ನೇ ಮಂಕಾಗಿಸುತ್ತದೆ. ಬ್ಯಾಟರಿ ಪೂರ್ತಿ ತಣ್ಣಗಾಗುವವರೆಗೆ ಅದನ್ನು ಮುಟ್ಟಬಾರದು, ಉಬ್ಬಿದ್ದರೆ ಬಿಚ್ಚುವ ಕೆಲಸವನ್ನು ತಿಳಿದವರಿಗೇ ಬಿಡಬೇಕು.

ಬ್ಯಾಟರಿ ಹೀಗಾಗಲು ಚಳಿಗಾಲದ ಆ ತಿಂಗಳುಗಳೇ ಕಾರಣವಿರಬೇಕು. ವಾಹನ ಸುಮ್ಮನೆ ನಿಂತಿದ್ದರೂ ಅಲಾರಂ ಮುಂತಾದವು ಸ್ವಲ್ಪಸ್ವಲ್ಪವೇ ವಿದ್ಯುತ್ ಹೀರುತ್ತವೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಅದು ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ಪೂರ್ತಿ ಬರಿದಾಗಿದ್ದರೆ ಕೊರೆಯುವ ಚಳಿಗೆ ಒಳಗಿನ ದ್ರವವೇ ಹೆಪ್ಪುಗಟ್ಟಬಹುದು. ನಿಮ್ಮದನ್ನು ಉಳಿಸುವ ಪ್ರಯತ್ನ ಬೇಡವೆಂದೇ ನನ್ನ ಸಲಹೆ. ಅದನ್ನು ಮನೆಯ ಕಸಕ್ಕೆ ಹಾಕದೆ ನಗರಾಡಳಿತದ ಮರುಬಳಕೆ ಕೇಂದ್ರಕ್ಕೆ ಒಪ್ಪಿಸಿ.

ಹೊಸ ಬ್ಯಾಟರಿ ಬಂದ ಮೇಲೆ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಕೆಲವು ಗಂಟೆ ಚಾರ್ಜೂ ಬಳಕೆಯೂ ಇಲ್ಲದೆ ಬಿಟ್ಟು ಅಳೆದಾಗ ಸುಮಾರು 12.7 ವೋಲ್ಟ್ ಇದ್ದರೆ ಅದು ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ ಮುಗಿದಿದೆ ಎಂದರ್ಥ. ಅದಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಅಂದರೆ 100 ಆಂಪಿಯರ್-ಅವರ್‌ನಲ್ಲಿ ನಿಮ್ಮ ಕೈಗೆ ಸಿಗುವುದು 50 ಮಾತ್ರ. ಚಾಲೂ ಆದಾಗ 4 ಆಂಪಿಯರ್ ಎಳೆಯುವ ಕಂಪ್ರೆಸರ್ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೂ 48 ಆಂಪಿಯರ್-ಅವರ್ ಖರ್ಚಾಗುತ್ತದೆ, ದೀಪಕ್ಕೂ ಪಂಪಿಗೂ ಉಳಿಯುವುದೇನು? ಹೀಗೆ ಲೆಕ್ಕ ಹಾಕಿಯೇ ಬ್ಯಾಟರಿಯ ಗಾತ್ರವನ್ನು ನಿರ್ಧರಿಸಿ.

ನಮ್ಮೂರಿನ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ ಅಭ್ಯಾಸವಿದ್ದರೆ ಇದೂ ಅದೇ ಕೆಲಸ: ಡಿಸ್ಟಿಲ್ಡ್ ವಾಟರನ್ನೇ, ಚಾರ್ಜ್ ಮುಗಿದ ಮೇಲೆ, ಗುರುತಿನವರೆಗೆ ಮಾತ್ರ ಹಾಕಬೇಕು. ಆದರೆ ಇಲ್ಲಿ ನೀವು ಅದರ ಪಕ್ಕದಲ್ಲೇ ಮಲಗುತ್ತೀರಿ. ಆದ್ದರಿಂದ ಬ್ಯಾಟರಿಯ ಅನಿಲ ಹೊರಹೋಗುವ ಕೊಳವೆ ವಾಹನದ ಹೊರಕ್ಕೆ ತೆರೆದಿದೆಯೇ, ಧನ (+) ಟರ್ಮಿನಲ್‌ನ ಹತ್ತಿರವೇ ಫ್ಯೂಸ್ ಇದೆಯೇ, ಬ್ಯಾಟರಿ ಅಲುಗಾಡದಂತೆ ಬಿಗಿದಿದೆಯೇ ಎಂದು ನೋಡಿ. ಬಿಚ್ಚುವಾಗ ಉಂಗುರ, ಬಳೆಗಳನ್ನು ತೆಗೆದಿಟ್ಟು ಋಣ (−) ತಂತಿಯನ್ನು ಮೊದಲು ಕಳಚಿ. ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಹಳೆಯ ಚಾರ್ಜರನ್ನೂ ಒಮ್ಮೆ ಪರೀಕ್ಷಿಸಿಯೇ ಹೊಸ ಬ್ಯಾಟರಿಗೆ ಜೋಡಿಸಿ, ಏಕೆಂದರೆ ಅದೇ ಕೆಟ್ಟಿದ್ದರೆ ಹೊಸದಕ್ಕೂ ಇದೇ ಗತಿಯಾಗುತ್ತದೆ.